ಬಫರ್ ಈಗ ಯಾರ ಕೈಯಲ್ಲಿದೆ?

ಪ್ರಿಯ ಓದುಗ ಮಿತ್ರರೇ,

ನಿಮ್ಮ ಕಾಗದ ಕೈಸೇರಿತು. ಜೊತೆಗಿಟ್ಟಿದ್ದ ಡ್ರೈವರ್ ಕೋಡನ್ನೂ ಸಾವಕಾಶವಾಗಿ ಓದಿದೆ. ಕಾಲೇಜಿನ ಲ್ಯಾಬಿನಲ್ಲಿರುವ ಕಂಪನಮಾಪಕಕ್ಕೆ ಸಿದ್ಧ ಡ್ರೈವರ್ ಸಿಗಲಿಲ್ಲವೆಂದು ಕೈಚೆಲ್ಲದೆ ನೀವೇ ಲಿನಕ್ಸ್ ಡ್ರೈವರ್ ಬರೆಯಲು ಕೂತಿರಲ್ಲ, ಅದು ತುಂಬ ಸಂತೋಷದ ಸಂಗತಿ. ಯುಎಸ್‌ಬಿ ಬಳಸುವವರು ಕೋಟಿಗಟ್ಟಲೆ. ತಂತಿಯಲ್ಲಿ ಬಂದ ಬೈಟ್ ಮೆಮೊರಿಗೆ ಹೇಗೆ ಇಳಿಯುತ್ತದೆಂದು ಕೇಳುವವರು ಕೆಲವೇ ಮಂದಿ. ಆದ್ದರಿಂದ ನಿಮ್ಮ ಪ್ರಶ್ನೆಗೆ ಎರಡು ಸಾಲಿನ ಉತ್ತರ ಕಳಿಸಿ ಸುಮ್ಮನಾಗಲು ಮನಸ್ಸಾಗಲಿಲ್ಲ.

ನಿಮ್ಮ ತೊಂದರೆ ನನಗೆ ಅರ್ಥವಾದಂತೆ ಇಷ್ಟು. ಸಾಧನವನ್ನು ಲ್ಯಾಪ್‌ಟಾಪಿಗೆ ಹಾಕಿದರೆ ದಿನವಿಡೀ ಒಂದು ಬೈಟೂ ತಪ್ಪುವುದಿಲ್ಲ. ಅದೇ ಡ್ರೈವರನ್ನು ಆರ್ಮ್ ಬೋರ್ಡಿನ ಮೇಲೆ ಓಡಿಸಿದರೆ ಗಂಟೆಗಟ್ಟಲೆ ಸರಿಯಾಗಿದ್ದು, ಇದ್ದಕ್ಕಿದ್ದಂತೆ ಪ್ಯಾಕೆಟ್ಟಿನ ಕೊನೆಯ ಕೆಲವು ಬೈಟ್‌ಗಳು ಹಿಂದಿನ ಸಲದವಾಗಿ ಬರುತ್ತವೆ. ಇನ್ನೊಮ್ಮೆ ಡೇಟಾ ಸರಿ ಇರುತ್ತದೆ, ಆದರೆ ಪ್ಯಾಕೆಟ್ ಎಣಿಸಲು ಇಟ್ಟುಕೊಂಡ ಸಂಖ್ಯೆ ಹಿಂದಕ್ಕೆ ಸರಿದಿರುತ್ತದೆ. ಬಫರನ್ನೆಲ್ಲ ‘ಯುಎಸ್‌ಬಿ ಅಲಾಕ್ ಕೊಹೆರೆಂಟ್’ ಎಂಬ ಫಂಕ್ಷನ್ನಿನಿಂದ ಪಡೆದು, ವರ್ಗಾವಣೆಯ ಕೋರಿಕೆಗೆ, ಅಂದರೆ ಯುಆರ್‌ಬಿಗೆ, ‘ನೋ ಟ್ರಾನ್ಸ್‌ಫರ್ ಡಿಎಂಎ ಮ್ಯಾಪ್’ ಫ್ಲ್ಯಾಗ್ ಏರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಿಮ್ಮ ಸಹೋದ್ಯೋಗಿ ಹೇಳಿದ್ದಾರೆ. ಹಾಗೆ ಮಾಡಲೇ ಎಂದು ಕೇಳಿದ್ದೀರಿ.

ಬೇಡ ಎನ್ನುತ್ತೇನೆ. ಆ ದಾರಿಯಲ್ಲಿ ತೊಂದರೆ ಮಾಯವಾದರೂ ಆಗಬಹುದು, ಆದರೆ ಅದು ಏಕೆ ಬಂತೆಂದು ನಿಮಗೆ ತಿಳಿಯುವುದಿಲ್ಲ. ಹೀಗೆ ಹೋದ ತೊಂದರೆ ಇನ್ನೊಂದು ಬೋರ್ಡಿನಲ್ಲಿ ಇನ್ನೊಂದು ವೇಷದಲ್ಲಿ ಮರಳುತ್ತದೆ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಗಳಿಗೆಯಲ್ಲಿ ಈ ಬಫರ್ ಯಾರದು? ಪ್ರೊಸೆಸರಿನದೋ, ಯಂತ್ರಾಂಶದ್ದೋ? ಮೆಮೊರಿ ಮ್ಯಾಪಿಂಗ್ ಎಂಬ ಏರ್ಪಾಡೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಮೊದಲು, ಮೆಮೊರಿಯನ್ನು ಮುಟ್ಟುವವರು ಯಾರು ಎಂದು ನೋಡೋಣ. ಪೆನ್‌ಡ್ರೈವ್, ಮೌಸ್, ವೆಬ್‌ಕ್ಯಾಮ್, ನಿಮ್ಮ ಕಂಪನಮಾಪಕ, ಇವು ಯಾವುವೂ ಕಂಪ್ಯೂಟರಿನ ಮೆಮೊರಿಯನ್ನು ನೇರವಾಗಿ ಮುಟ್ಟುವುದಿಲ್ಲ. 1996ರಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಹೊರಬಂದಾಗಿನಿಂದ ನಡೆದುಬಂದ ಕ್ರಮ ಇದು: ಸಾಧನ ಸರಳವಾಗಿ, ಅಗ್ಗವಾಗಿ ಇರಬೇಕು, ಕಷ್ಟದ ಕೆಲಸವನ್ನು ಕಂಪ್ಯೂಟರ್ ಹೊರಬೇಕು. ಸಾಧನ ತಾನಾಗಿ ಮಾತು ಶುರುಮಾಡುವುದೂ ಇಲ್ಲ, ಕೇಳಿದಾಗ ಉತ್ತರ ಕೊಡುತ್ತದೆ ಅಷ್ಟೆ. ಅದೇ ಕಾಲದ ಫೈರ್‌ವೈರ್‌ನಲ್ಲಿ ಹೊರಗಿನ ಸಾಧನವೇ ಕಂಪ್ಯೂಟರಿನ ಮೆಮೊರಿಗೆ ಕೈಹಾಕಬಹುದಿತ್ತು. ಯುಎಸ್‌ಬಿಯಲ್ಲಿ ಆ ಅವಕಾಶವಿಲ್ಲ. ಇಲ್ಲಿ ಮೆಮೊರಿಯಿಂದ ಓದುವುದೂ ಅಲ್ಲಿಗೆ ಬರೆಯುವುದೂ ಮದರ್‌ಬೋರ್ಡಿನ ಮೇಲಿರುವ ಹೋಸ್ಟ್ ಕಂಟ್ರೋಲರಿನ ಕೆಲಸ. ಯುಎಚ್‌ಸಿಐ, ಒಎಚ್‌ಸಿಐ, ಇಎಚ್‌ಸಿಐ, ಇಂದಿನ ಎಕ್ಸ್‌ಎಚ್‌ಸಿಐ, ಇವೆಲ್ಲ ಅಂಥ ಕಂಟ್ರೋಲರುಗಳ ಬಗೆಗಳು. ಪ್ರೊಸೆಸರಿನ ನೆರವಿಲ್ಲದೆ ಕಂಟ್ರೋಲರ್ ಹೀಗೆ ನೇರವಾಗಿ ಮೆಮೊರಿ ಬಳಸುವುದನ್ನೇ ಡಿಎಂಎ ಎನ್ನುತ್ತಾರೆ.

ಇದರಿಂದ ನಿಮಗೆ ಒಂದು ಅನುಕೂಲವಿದೆ. ಸಾಧನದ ಡ್ರೈವರ್ ಬರೆಯುವವರಿಗೆ ಕಂಟ್ರೋಲರ್ ಯಾವುದೆಂಬ ಚಿಂತೆ ಬೇಡ. ಅದಕ್ಕೆ ಎಷ್ಟು ಬಿಟ್‌ನ ವಿಳಾಸ ಎಟುಕುತ್ತದೆ, ಅದು ಯಾವ ಬಸ್ಸಿನ ಹಿಂದೆ ಕೂತಿದೆ ಎಂಬುದನ್ನೆಲ್ಲ ಕರ್ನಲ್ಲಿನ ಯುಎಸ್‌ಬಿ ಕೋರ್ ಬಲ್ಲದು. ಮ್ಯಾಪಿಂಗ್ ನಡೆಯುವುದೂ ಕಂಟ್ರೋಲರಿನ ಹೆಸರಿನಲ್ಲೇ, ನಿಮ್ಮ ಸಾಧನದ ಹೆಸರಿನಲ್ಲಿ ಅಲ್ಲ. ಡಿಎಂಎ ಕರೆಯೊಂದಕ್ಕೆ ನಿಮ್ಮ ಯುಎಸ್‌ಬಿ ಸಾಧನದ ಪಾಯಿಂಟರನ್ನು ಕೊಡುವ ಯೋಚನೆ ಬಂದರೆ ಅಲ್ಲೇ ನಿಲ್ಲಿ. ಡಿಎಂಎ ಮಾಡುವುದು ಆ ಸಾಧನವಲ್ಲ.

ಇನ್ನು ವಿಳಾಸದ ವಿಚಾರ. ಒಂದೇ ಬೈಟಿಗೆ ಮೂರು ವಿಳಾಸಗಳಿರಬಹುದು. ನಿಮ್ಮ ಸಿ ಕೋಡಿನ ಪಾಯಿಂಟರಿನಲ್ಲಿರುವುದು ವರ್ಚುವಲ್ ವಿಳಾಸ. ರ‍್ಯಾಮಿನಲ್ಲಿ ಆ ಬೈಟ್ ಕೂತ ಜಾಗ ಫಿಸಿಕಲ್ ವಿಳಾಸ. ಕಂಟ್ರೋಲರ್ ತನ್ನ ಕಡೆಯಿಂದ ಬಳಸುವುದು ಡಿಎಂಎ ವಿಳಾಸ. ಸಾದಾ ಪಿಸಿಯಲ್ಲಿ ಕೊನೆಯ ಎರಡೂ ಎಷ್ಟೋ ಸಲ ಒಂದೇ ಆಗಿರುವುದರಿಂದ, ಎಲ್ಲೆಲ್ಲೂ ಹಾಗೆಯೇ ಎಂಬ ಭ್ರಮೆ ಹುಟ್ಟುತ್ತದೆ. ಇಂಟೆಲ್‌ನ ವಿಟಿ-ಡಿ, ಆರ್ಮ್‌ನ ಎಸ್‌ಎಂಎಂಯು ಮೊದಲಾದ ಐಒಎಂಎಂಯು ಘಟಕಗಳು ನಡುವೆ ಬಂದರೆ ಕಂಟ್ರೋಲರಿಗೆ ಕಾಣುವ ವಿಳಾಸವೇ ಬೇರೆ. ಕಂಟ್ರೋಲರಿಗೆ 32 ಬಿಟ್ ವಿಳಾಸವಷ್ಟೇ ಎಟುಕಿ, ಬಫರ್ 4 ಜಿಬಿಯ ಆಚೆ ಇದ್ದು, ಐಒಎಂಎಂಯು ಕೂಡ ಇಲ್ಲದಿದ್ದರೆ, ಕರ್ನಲ್ ‘ಎಸ್‌ಡಬ್ಲ್ಯುಐಒಟಿಎಲ್‌ಬಿ’ ಎಂಬ ಮಧ್ಯದ ಬಫರನ್ನು ಬಳಸುತ್ತದೆ. ಸಾಮಾನ್ಯವಾಗಿ 64 ಎಂಬಿಯಷ್ಟು ಮೆಮೊರಿಯನ್ನು ಕೆಳಗಿನ ವಿಳಾಸಗಳಲ್ಲಿ ಇದಕ್ಕಾಗಿ ಕಾದಿರಿಸಿರುತ್ತಾರೆ. ಹೊರಹೋಗುವ ಡೇಟಾ ಮೊದಲು ಅಲ್ಲಿಗೆ ನಕಲಾಗಿ ಮುಂದೆ ಹೋಗುತ್ತದೆ. ಒಳಬರುವ ಡೇಟಾ ಅಲ್ಲಿಗೆ ಬಂದು ಆಮೇಲೆ ನಿಮ್ಮ ಬಫರಿಗೆ ನಕಲಾಗುತ್ತದೆ.

ಅಂದರೆ ಮ್ಯಾಪಿಂಗ್ ಎರಡು ಕೆಲಸ ಮಾಡುತ್ತದೆ. ಕಂಟ್ರೋಲರಿಗೆ ತಿಳಿಯುವ ವಿಳಾಸವನ್ನು ಕೊಡುವುದು ಮೊದಲನೆಯದು. ಈ ಬಫರಿನ ಹಕ್ಕು ಈಗಿನಿಂದ ಕಂಟ್ರೋಲರಿನದು ಎಂದು ಪ್ರೊಸೆಸರಿನ ಕ್ಯಾಶ್ ಮೆಮೊರಿಯನ್ನು ಅದಕ್ಕೆ ತಕ್ಕಂತೆ ಸಿದ್ಧಪಡಿಸುವುದು ಎರಡನೆಯದು. ಮೊದಲನೆಯದು ತಪ್ಪಿದರೆ ಡ್ರೈವರ್ ಸಾಮಾನ್ಯವಾಗಿ ಬೇಗನೆ ನಿಂತುಹೋಗುತ್ತದೆ, ಕಾರಣ ಹುಡುಕುವುದು ಸುಲಭ. ಎರಡನೆಯದು ತಪ್ಪಿದರೆ ನಿಮಗೆ ಆದಂತೆ ಆಗುತ್ತದೆ: ಗಂಟೆಗಟ್ಟಲೆ ಸರಿ, ಒಂದು ಗಳಿಗೆ ತಪ್ಪು.

ಒಂದು ಯುಆರ್‌ಬಿ ನಡೆದುಹೋಗುವ ದಾರಿಯನ್ನು ಈ ಕಣ್ಣಿನಿಂದ ನೋಡಿ. ಯುಆರ್‌ಬಿ ಎಂದರೆ ಒಂದು ವರ್ಗಾವಣೆಯ ಕೋರಿಕೆ. ಬಫರಿನ ಪಾಯಿಂಟರ್, ಉದ್ದ, ದಿಕ್ಕು, ಮುಗಿದಾಗ ಕರೆಯಬೇಕಾದ ಕಂಪ್ಲೀಶನ್ ಫಂಕ್ಷನ್ ಎಲ್ಲ ಅದರಲ್ಲಿರುತ್ತವೆ. ನೀವು ‘ಯುಎಸ್‌ಬಿ ಸಬ್ಮಿಟ್ ಯುಆರ್‌ಬಿ’ ಕರೆದೊಡನೆ ಯುಎಸ್‌ಬಿ ಕೋರ್ ನಿಮ್ಮ ಬಫರನ್ನು ತಾನೇ ಮ್ಯಾಪ್ ಮಾಡುತ್ತದೆ, ಸಿಕ್ಕ ಡಿಎಂಎ ವಿಳಾಸವನ್ನು ಯುಆರ್‌ಬಿಯಲ್ಲೇ ಬರೆದು ಕಂಟ್ರೋಲರಿನ ಡ್ರೈವರಿಗೆ ದಾಟಿಸುತ್ತದೆ. ವರ್ಗಾವಣೆ ಮುಗಿದ ಮೇಲೆ ಮ್ಯಾಪಿಂಗನ್ನು ಬಿಡಿಸುತ್ತದೆ. ನಿಮ್ಮ ಕಂಪ್ಲೀಶನ್ ಫಂಕ್ಷನ್‌ಗೆ ಕರೆ ಬರುವುದು ಅದಾದ ಮೇಲೆ. ನೀವು ಮ್ಯಾಪ್ ಎಂಬ ಪದವನ್ನೇ ಬರೆಯದಿದ್ದರೂ ಪ್ರತಿ ಸಲವೂ ಇಷ್ಟೆಲ್ಲ ನಡೆದಿರುತ್ತದೆ.

ಸಬ್ಮಿಟ್‌ನಿಂದ ಕಂಪ್ಲೀಶನ್‌ವರೆಗಿನ ಅವಧಿಯಲ್ಲಿ ಬಫರ್ ನಿಮ್ಮದಲ್ಲ. ಗದ್ದೆಯನ್ನು ಒಂದು ಬೆಳೆಗೆ ಗೇಣಿಗೆ ಕೊಟ್ಟವರು, ಪಹಣಿಯಲ್ಲಿ ಹೆಸರು ತಮ್ಮದೇ ಇದ್ದರೂ, ಕೊಯ್ಲು ಮುಗಿದು ಗದ್ದೆ ಕೈಗೆ ಬರುವವರೆಗೆ ಅಲ್ಲಿ ನೇಗಿಲು ಇಳಿಸುವುದಿಲ್ಲ. ಇಲ್ಲಿಯೂ ಅದೇ ಕಟ್ಟುಪಾಡು. ಪಾಯಿಂಟರ್ ನಿಮ್ಮ ಕೈಯಲ್ಲಿದೆ ಅಂದ ಮಾತ್ರಕ್ಕೆ ಓದುವ ಅಥವಾ ಬರೆಯುವ ಹಕ್ಕು ಇದೆ ಎಂದಾಗುವುದಿಲ್ಲ. ಬಫರಿನಲ್ಲಿ ಡೇಟಾ ಬಂದಿದೆಯೇ ಎಂದು ನಡುವೆ ಇಣುಕುವುದು, ಕಳಿಸುವ ಪ್ಯಾಕೆಟ್ಟಿನ ಕೊನೆಯ ಬೈಟನ್ನು ಸಬ್ಮಿಟ್ ಆದ ಮೇಲೆ ತಿದ್ದುವುದು, ಒಂದೇ ಬಫರನ್ನು ಎರಡು ಯುಆರ್‌ಬಿಗಳಿಗೆ ಏಕಕಾಲಕ್ಕೆ ಕೊಡುವುದು, ಇವೆಲ್ಲ ಈ ಕಟ್ಟುಪಾಡನ್ನು ಮುರಿಯುವ ಕೆಲಸಗಳು.

ಕೋರ್ ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮ ಪಾಲಿಗೆ ಉಳಿಯುವುದು ಒಂದು ಹೊಣೆ: ಡಿಎಂಎಗೆ ಯೋಗ್ಯವಾದ ಮೆಮೊರಿಯನ್ನು ಕೊಡುವುದು. ‘ಕೆಮ್ಯಾಲಾಕ್’ನಿಂದ ಬಫರಿಗೆಂದೇ ಬೇರೆಯಾಗಿ ಪಡೆದ ಮೆಮೊರಿ ಯೋಗ್ಯ. ಫಂಕ್ಷನ್ನಿನ ಒಳಗೆ ಘೋಷಿಸಿದ ಅರೇ, ಅಂದರೆ ಸ್ಟ್ಯಾಕಿನ ಮೇಲಿನ ಬಫರ್, ಯೋಗ್ಯವಲ್ಲ. ‘ವಿಮ್ಯಾಲಾಕ್’ನಿಂದ ಪಡೆದದ್ದೂ ಯೋಗ್ಯವಲ್ಲ, ಅದು ವರ್ಚುವಲ್ ವಿಳಾಸದಲ್ಲಿ ಒಂದೇ ಸಾಲಾಗಿ ಕಂಡರೂ ರ‍್ಯಾಮಿನಲ್ಲಿ ಚದುರಿ ಹೋಗಿರುತ್ತದೆ. ಡ್ರೈವರ್ ಮಾಡ್ಯೂಲಿನ ಸ್ಟ್ಯಾಟಿಕ್ ಅರೇಯನ್ನೂ ಬಳಸಬೇಡಿ.

ಸ್ಟ್ಯಾಕಿನ ವಿಷಯದಲ್ಲಿ ಒಂದು ಚರಿತ್ರೆಯೇ ಇದೆ. ಸ್ಟ್ಯಾಕ್ ಬಫರನ್ನು ಡಿಎಂಎಗೆ ಕೊಡಬಾರದೆಂಬ ನಿಯಮ ಹಳೆಯದು, ಆದರೆ ಬಹುಕಾಲ ಅದನ್ನು ಮುರಿದವರಿಗೆ ಪಿಸಿಯ ಮೇಲೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ನಾಲ್ಕೆಂಟು ಬೈಟಿನ ಕಂಟ್ರೋಲ್ ಸಂದೇಶಕ್ಕೆಲ್ಲ ಬೇರೆ ಮೆಮೊರಿ ಏಕೆಂದು ಎಷ್ಟೋ ಡ್ರೈವರುಗಳು ಸ್ಟ್ಯಾಕಿನ ಅರೇಯನ್ನೇ ಕೊಡುತ್ತಿದ್ದವು. 2016ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 4.9ರಲ್ಲಿ ಆಂಡಿ ಲುಟೊಮಿರ್ಸ್ಕಿ ಅವರ ಕೆಲಸದ ಫಲವಾಗಿ, ಎಕ್ಸ್86 ಯಂತ್ರಗಳಲ್ಲಿ ಕರ್ನಲ್ ಸ್ಟ್ಯಾಕನ್ನು ವಿಮ್ಯಾಲಾಕ್ ಪ್ರದೇಶದಲ್ಲಿ ಇಡುವ ಸೌಲಭ್ಯ ಸೇರಿತು. ಉದ್ದೇಶ ಸುರಕ್ಷತೆ: ಸ್ಟ್ಯಾಕ್ ತನ್ನ ಮಿತಿ ಮೀರಿದರೆ ಪಕ್ಕದ ಮೆಮೊರಿ ಗುಟ್ಟಾಗಿ ಕೆಡದೆ ಕೂಡಲೇ ಸಿಕ್ಕಿಬೀಳಬೇಕು. ಆದರೆ ಅದರ ಜೊತೆಗೇ ಹಳೆಯ ಡ್ರೈವರುಗಳ ತಪ್ಪೂ ಬಯಲಿಗೆ ಬಂತು. ಟಿವಿ ಟ್ಯೂನರುಗಳ ಡಿವಿಬಿ-ಯುಎಸ್‌ಬಿ ಡ್ರೈವರುಗಳಲ್ಲಿ ಇಂಥ ಬಫರುಗಳು ಹಲವೆಡೆ ಇದ್ದವು. ಮೌರೊ ಕಾರ್ವಾಲೊ ಶೆಹಾಬ್ ಒಂದೊಂದೇ ಡ್ರೈವರನ್ನು ಹಿಡಿದು ತಿದ್ದಬೇಕಾಯಿತು. ಈಗಂತೂ ಸ್ಟ್ಯಾಕಿನ ಬಫರ್ ಕಂಡರೆ ಯುಎಸ್‌ಬಿ ಕೋರ್ ಎಚ್ಚರಿಕೆ ಬರೆದು ಕೋರಿಕೆಯನ್ನೇ ತಿರಸ್ಕರಿಸುತ್ತದೆ.

ಸಣ್ಣ ಕಂಟ್ರೋಲ್ ಸಂದೇಶಗಳಿಗೆ ಪ್ರತಿ ಸಲ ಮೆಮೊರಿ ಪಡೆದು ಬಿಡುವುದು ಬೇಸರದ ಕೆಲಸವೆಂದು ನೀವು ಬರೆದಿದ್ದೀರಿ. ನಿಮ್ಮ ಹಾಗೆಯೇ ಉಳಿದವರಿಗೂ ಅನಿಸಿತ್ತು. 2020ರಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ‘ಯುಎಸ್‌ಬಿ ಕಂಟ್ರೋಲ್ ಎಂಎಸ್‌ಜಿ ಸೆಂಡ್’ ಮತ್ತು ಅದರ ಜೋಡಿ ‘ರಿಸೀವ್’ ಫಂಕ್ಷನ್ನುಗಳನ್ನು ಸೇರಿಸಿದರು, ಅವು 5.10ರ ಕರ್ನಲ್ಲಿನಿಂದ ಇವೆ. ಇವು ನೀವು ಕೊಟ್ಟ ಡೇಟಾವನ್ನು ಯೋಗ್ಯ ಮೆಮೊರಿಗೆ ತಾವೇ ನಕಲು ಮಾಡಿಕೊಳ್ಳುತ್ತವೆ, ಆದ್ದರಿಂದ ಸ್ಟ್ಯಾಕಿನ ಬಫರ್ ಕೊಟ್ಟರೂ ಅಡ್ಡಿಯಿಲ್ಲ. ಕೇಳಿದಷ್ಟು ಬೈಟ್ ಬಾರದಿದ್ದರೆ ರಿಸೀವ್ ಅದನ್ನು ತಪ್ಪೆಂದೇ ಹೇಳುತ್ತದೆ. ಸಾಧನದ ರಿಜಿಸ್ಟರ್ ಓದುವ ನಿಮ್ಮ ಫಂಕ್ಷನ್ನುಗಳನ್ನೆಲ್ಲ ಇವುಗಳಿಗೆ ಬದಲಿಸಿ.

ಈಗ ನಿಮ್ಮ ಕಾಯಿಲೆಗೆ ಬರುತ್ತೇನೆ. ನಿಮ್ಮ ಕೋಡಿನಲ್ಲಿ ಸಾಧನದ ವಿವರಗಳ ಸ್ಟ್ರಕ್ಚರ್ ಒಂದಿದೆ. ಅದರಲ್ಲಿ ಮೊದಲು ಒಂದು ಲಾಕ್, ಆಮೇಲೆ 512 ಬೈಟಿನ ಬಫರ್, ಅದರ ಬೆನ್ನಿಗೇ ಪ್ಯಾಕೆಟ್ ಎಣಿಸುವ ಸಂಖ್ಯೆ. ಇಡೀ ಸ್ಟ್ರಕ್ಚರನ್ನು ಕೆಮ್ಯಾಲಾಕ್‌ನಿಂದಲೇ ಪಡೆದಿದ್ದೀರಿ, ಆದ್ದರಿಂದ ನಿಯಮ ಪಾಲಿಸಿದಂತೆ ಕಾಣುತ್ತದೆ. ತೊಂದರೆ ಇರುವುದು ಬಫರಿನ ನೆರೆಯಲ್ಲಿ.

ಪ್ರೊಸೆಸರ್ ಮೆಮೊರಿಯನ್ನು ಬೈಟ್ ಬೈಟಾಗಿ ಕ್ಯಾಶಿಗೆ ತರುವುದಿಲ್ಲ. ಸಾಲು ಸಾಲಾಗಿ ತರುತ್ತದೆ. ಒಂದು ಸಾಲು ಸಾಮಾನ್ಯವಾಗಿ 64 ಬೈಟ್. ನಿಮ್ಮ ಬಫರ್ ಶುರುವಾಗುವುದು ಲಾಕಿನ ನಂತರವಾದ್ದರಿಂದ ಅದು ಸಾಲಿನ ಅಂಚಿಗೆ ಸರಿಯಾಗಿ ಕೂತಿಲ್ಲ. ಕೊನೆಯ ಕೆಲವು ಬೈಟ್‌ಗಳೂ ಪಕ್ಕದ ಸಂಖ್ಯೆಯೂ ಒಂದೇ ಸಾಲಿನಲ್ಲಿವೆ. ನೀವು ಓದುವ ಕೋರಿಕೆಯನ್ನು ಸಬ್ಮಿಟ್ ಮಾಡುತ್ತೀರಿ, ಕೋರ್ ಬಫರನ್ನು ಮ್ಯಾಪ್ ಮಾಡುತ್ತದೆ, ಕಂಟ್ರೋಲರ್ ರ‍್ಯಾಮಿಗೆ ಹೊಸ ಬೈಟ್‌ಗಳನ್ನು ಬರೆಯಲು ಸಿದ್ಧವಾಗುತ್ತದೆ. ಅಷ್ಟರಲ್ಲಿ ನಿಮ್ಮದೇ ಇನ್ನೊಂದು ಫಂಕ್ಷನ್ ಎಣಿಕೆಯ ಸಂಖ್ಯೆಯನ್ನು ಒಂದು ಹೆಚ್ಚಿಸುತ್ತದೆ. ಆಗ ಆ ಸಾಲು ಪೂರ್ತಿಯಾಗಿ, ಬಫರಿನ ಹಳೆಯ ಬೈಟ್‌ಗಳ ಸಮೇತ, ಕ್ಯಾಶಿಗೆ ಬರುತ್ತದೆ ಮತ್ತು ಬದಲಾದ ಸಾಲು ಎಂದು ಗುರುತಾಗುತ್ತದೆ. ಇತ್ತ ಕಂಟ್ರೋಲರ್ ಹೊಸ ಡೇಟಾವನ್ನು ರ‍್ಯಾಮಿಗೆ ಬರೆಯುತ್ತದೆ. ಮುಂದೆ ಎರಡರಲ್ಲಿ ಒಂದು ನಡೆಯಬೇಕು. ಕ್ಯಾಶ್ ತನ್ನ ಸಾಲನ್ನು ರ‍್ಯಾಮಿಗೆ ಮರಳಿಸಿದರೆ ಹೊಸ ಬೈಟ್‌ಗಳ ಮೇಲೆ ಹಳೆಯವು ಕೂರುತ್ತವೆ. ಕ್ಯಾಶಿನ ಸಾಲನ್ನು ಅನೂರ್ಜಿತಗೊಳಿಸಿದರೆ ಹೆಚ್ಚಿಸಿದ ಸಂಖ್ಯೆ ಕಳೆದುಹೋಗುತ್ತದೆ. ನೀವು ಕಂಡ ಎರಡು ಲಕ್ಷಣಗಳೂ ಇವೇ. ಅವು ಎರಡು ಬೇರೆ ಬಗ್‌ಗಳಲ್ಲ, ಒಂದೇ ಬಗ್‌ನ ಎರಡು ಫಲ.

ಲ್ಯಾಪ್‌ಟಾಪಿನಲ್ಲಿ ಏಕೆ ಆಗಲಿಲ್ಲ? ಎಕ್ಸ್86 ಯಂತ್ರಗಳಲ್ಲಿ ಕಂಟ್ರೋಲರ್ ಮೆಮೊರಿಗೆ ಬರೆಯುವಾಗ ಪ್ರೊಸೆಸರಿನ ಕ್ಯಾಶ್‌ಗೂ ಅದು ಗೊತ್ತಾಗುವಂತೆ ಯಂತ್ರಾಂಶವೇ ನೋಡಿಕೊಳ್ಳುತ್ತದೆ. ಅನೇಕ ಆರ್ಮ್ ಚಿಪ್‌ಗಳಲ್ಲಿ ಆ ವ್ಯವಸ್ಥೆ ಇರುವುದಿಲ್ಲ. ಕ್ಯಾಶನ್ನು ಯಾವಾಗ ಬರೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಕರ್ನಲ್ಲೇ ಹೇಳಬೇಕು. ನಿಮ್ಮ ಲ್ಯಾಪ್‌ಟಾಪ್ ನಿಮ್ಮ ಡ್ರೈವರ್ ಸರಿಯಿದೆ ಎಂದು ಹೇಳಿರಲಿಲ್ಲ. ತಪ್ಪು ಕಾಣಿಸದಂತೆ ಕಾಪಾಡಿತ್ತು, ಅಷ್ಟೆ. ಬೋರ್ಡನ್ನು ದೂರಬೇಡಿ, ನಿಮಗೆ ನಿಜ ಹೇಳಿದ್ದು ಅದೇ.

ಪರಿಹಾರ ಬಹಳ ಚಿಕ್ಕದು. ಸ್ಟ್ರಕ್ಚರಿನೊಳಗೆ ಬಫರಿನ ಬದಲು ಒಂದು ಪಾಯಿಂಟರ್ ಇಡಿ. ಬಫರನ್ನು ಪ್ರತ್ಯೇಕವಾಗಿ ಕೆಮ್ಯಾಲಾಕ್‌ನಿಂದ ಪಡೆಯಿರಿ. ಕೆಮ್ಯಾಲಾಕ್ ಕೊಡುವ ಮೆಮೊರಿ ಇಂಥ ಚಿಪ್‌ಗಳಲ್ಲಿ ಡಿಎಂಎಗೆ ಬೇಕಾದ ಅಂಚಿನಲ್ಲೇ ಶುರುವಾಗುತ್ತದೆ, ಬೇರೆಯವರ ಡೇಟಾ ಅದೇ ಸಾಲಿನಲ್ಲಿ ಬಂದು ಕೂರುವುದಿಲ್ಲ. 64 ಬಿಟ್ ಆರ್ಮ್‌ನಲ್ಲಿ ಬಹುಕಾಲ ಇದಕ್ಕಾಗಿ ಎಂಟು ಬೈಟ್ ಕೇಳಿದರೂ 128 ಬೈಟ್ ಕೊಡಲಾಗುತ್ತಿತ್ತು. ಅದು ಮೆಮೊರಿಯ ದಂಡವೆಂದು ಕ್ಯಾಟಲಿನ್ ಮರಿನಾಸ್ 2023ರಲ್ಲಿ, 6.5ರ ಕರ್ನಲ್ಲಿನಲ್ಲಿ, ಬೇರೆ ದಾರಿ ತಂದರು: ಸಣ್ಣ ತುಂಡುಗಳನ್ನು ಸಣ್ಣದಾಗಿಯೇ ಕೊಡುವುದು, ಅಂಥದ್ದನ್ನು ಡಿಎಂಎಗೆ ಕೊಟ್ಟಾಗ ಮಾತ್ರ ನಾನು ಮೇಲೆ ಹೇಳಿದ ಮಧ್ಯದ ಬಫರಿನ ಮೂಲಕ ಸಾಗಿಸುವುದು. ಹೀಗೆ ಒಳಗಿನ ಉಪಾಯ ಬದಲಾದರೂ ನಿಮ್ಮ ಪಾಲಿನ ನಿಯಮ ಬದಲಾಗಿಲ್ಲ. ಬಫರ್ ಬೇರೆ, ಉಳಿದ ವಿವರ ಬೇರೆ.

ಹಾಗಾದರೆ ನಿಮ್ಮ ಸಹೋದ್ಯೋಗಿ ಹೇಳಿದ ಕೊಹೆರೆಂಟ್ ಮೆಮೊರಿ ಯಾವುದಕ್ಕೆ? ಅದಕ್ಕೂ ಅದರ ಜಾಗವಿದೆ. ‘ಯುಎಸ್‌ಬಿ ಅಲಾಕ್ ಕೊಹೆರೆಂಟ್’ ಕೊಡುವ ಮೆಮೊರಿಯನ್ನು ಪ್ರೊಸೆಸರೂ ಕಂಟ್ರೋಲರೂ ಸದಾ ಒಂದೇ ರೀತಿ ಕಾಣುತ್ತವೆ. ಅದು ಮೊದಲೇ ಮ್ಯಾಪ್ ಆಗಿಯೇ ಬರುತ್ತದೆ, ಡಿಎಂಎ ವಿಳಾಸವನ್ನೂ ಜೊತೆಯಲ್ಲೇ ಕೊಡುತ್ತದೆ. ಆ ವಿಳಾಸವನ್ನು ಯುಆರ್‌ಬಿಯ ‘ಟ್ರಾನ್ಸ್‌ಫರ್ ಡಿಎಂಎ’ ಜಾಗದಲ್ಲಿಟ್ಟು ಫ್ಲ್ಯಾಗ್ ಏರಿಸಿದರೆ, ಕೋರ್ ಪ್ರತಿ ಸಬ್ಮಿಟ್ಟಿಗೂ ಮ್ಯಾಪ್ ಮಾಡುವ ಕೆಲಸವನ್ನು ಬಿಡುತ್ತದೆ. ಕರ್ನಲ್ಲಿನ ಸರಳ ಯುಎಸ್‌ಬಿ ಮೌಸ್ ಡ್ರೈವರನ್ನು ತೆರೆದು ನೋಡಿ. 8 ಬೈಟಿನ ಒಂದು ಬಫರನ್ನು ಹೀಗೆ ಒಮ್ಮೆ ಪಡೆದು, ಮೌಸ್ ಅಲುಗಾಡಿದಾಗಲೆಲ್ಲ ಅದೇ ಯುಆರ್‌ಬಿಯನ್ನು ಮತ್ತೆ ಮತ್ತೆ ಸಬ್ಮಿಟ್ ಮಾಡುತ್ತದೆ. ಬಫರ್ ಚಿಕ್ಕದು, ಬಳಕೆ ಪದೇ ಪದೇ, ಪ್ರೊಸೆಸರ್ ಓದುವುದು ಕೆಲವೇ ಬೈಟ್. ಅಂಥ ಕಡೆ ಇದು ಒಪ್ಪುತ್ತದೆ. ನಮೂನೆಗೆಂದೇ ಇಟ್ಟಿರುವ ಯುಎಸ್‌ಬಿ ಸ್ಕೆಲಿಟನ್ ಡ್ರೈವರಿನಲ್ಲಿ ಬರೆಯುವ ಕಡೆಗೆ ಕೊಹೆರೆಂಟ್, ಓದುವ ಕಡೆಗೆ ಸಾದಾ ಕೆಮ್ಯಾಲಾಕ್ ಬಳಸಿದ್ದಾರೆ. ಎರಡೂ ವಿಧಾನ ಒಂದೇ ಕಡತದಲ್ಲಿ ಓದಲು ಸಿಗುತ್ತವೆ.

ಆದರೆ ಕ್ಯಾಶ್ ಹೊಂದಾಣಿಕೆ ಇಲ್ಲದ ಆರ್ಮ್ ಚಿಪ್‌ಗಳಲ್ಲಿ ಕೊಹೆರೆಂಟ್ ಮೆಮೊರಿ ಸಾಮಾನ್ಯವಾಗಿ ಕ್ಯಾಶ್ ಇಲ್ಲದ ಮೆಮೊರಿ. ಅದರಿಂದ ಪ್ರೊಸೆಸರ್ ಓದುವ ಪ್ರತಿಯೊಂದು ಬೈಟಿಗೂ ರ‍್ಯಾಮಿನವರೆಗೆ ಹೋಗಬೇಕು. ವೆಬ್‌ಕ್ಯಾಮ್ ಡ್ರೈವರುಗಳ ಅನುಭವ ಇದಕ್ಕೆ ಒಳ್ಳೆಯ ಪಾಠ. ವೆಬ್‌ಕ್ಯಾಮಿನ ಪ್ರತಿ ಪ್ಯಾಕೆಟ್ಟನ್ನು ಪ್ರೊಸೆಸರ್ ಬಿಡಿಸಿ, ತಲೆಬರಹ ಓದಿ, ಚಿತ್ರದ ಬೈಟ್‌ಗಳನ್ನು ಬೇರೆಡೆಗೆ ನಕಲು ಮಾಡಬೇಕು. ಫಿಲಿಪ್ಸ್ ವೆಬ್‌ಕ್ಯಾಮುಗಳ ಪಿಡಬ್ಲ್ಯುಸಿ ಡ್ರೈವರ್ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನ ಮೇಲೆ ಕೊಹೆರೆಂಟ್ ಬಫರಿನಿಂದ ಓದುವ ನಿಧಾನಕ್ಕೇ ವಿಡಿಯೊ ಕಳೆದುಕೊಳ್ಳುತ್ತಿತ್ತು. ಸಾದಾ ಮೆಮೊರಿಗೆ ಬಂದು, ಪ್ರತಿ ಸಲ ಕ್ಯಾಶ್ ಹೊಂದಿಸುವ ವಿಧಾನ ಹಿಡಿದ ಮೇಲೆ ಸರಿಹೋಯಿತು. ಇಂದಿನ ಬಹುಪಾಲು ವೆಬ್‌ಕ್ಯಾಮುಗಳನ್ನು ನಡೆಸುವ ಯುವಿಸಿ ವಿಡಿಯೊ ಡ್ರೈವರೂ ಇದೇ ಕಾರಣಕ್ಕೆ ಕೊಹೆರೆಂಟ್ ಮೆಮೊರಿಯನ್ನು ಬಿಟ್ಟು, ಕ್ಯಾಶ್ ಇರುವ ಮೆಮೊರಿಯನ್ನು ಒಮ್ಮೆ ಮ್ಯಾಪ್ ಮಾಡಿಟ್ಟುಕೊಂಡು, ಪ್ರತಿ ವರ್ಗಾವಣೆಯ ಹಿಂದೆ ಮುಂದೆ ಸಿಂಕ್ ಮಾಡುವ ದಾರಿಗೆ ಬಂತು.

ನಿಮ್ಮ ಕಂಪನಮಾಪಕದ ಡೇಟಾವನ್ನೂ ಪ್ರೊಸೆಸರ್ ಪೂರ್ತಿ ಓದುತ್ತದೆ. ಆದ್ದರಿಂದ ಕೊಹೆರೆಂಟ್ ಮೆಮೊರಿಗೆ ಹೋದರೆ ತಪ್ಪು ನಿಂತರೂ ವೇಗ ಕುಸಿಯುವ ಸಂಭವ ಹೆಚ್ಚು. ಇನ್ನೊಂದು ಎಚ್ಚರ: ಆ ಫ್ಲ್ಯಾಗ್ ಏರಿಸಿ ಡಿಎಂಎ ವಿಳಾಸ ತುಂಬುವುದನ್ನು ಮರೆತರೆ, ಕಂಟ್ರೋಲರ್ ಅಲ್ಲಿರುವ ಯಾವುದೋ ಸಂಖ್ಯೆಯನ್ನೇ ವಿಳಾಸವೆಂದು ನಂಬುತ್ತದೆ. ಫ್ಲ್ಯಾಗ್ ಏರಿಸುವುದೆಂದರೆ ಮ್ಯಾಪಿಂಗಿನ ಹೊಣೆ ನನ್ನದು ಎಂದು ಒಪ್ಪಿಕೊಂಡಂತೆ.

ವೇಗದ ಮಾತು ಬಂದದ್ದರಿಂದ ಒಂದು ಲೆಕ್ಕ ಹಾಕೋಣ. ಯುಎಸ್‌ಬಿ 2.0ರ 480 ಎಂಬಿಪಿಎಸ್ ಹೈಸ್ಪೀಡಿನಲ್ಲಿ ಬಲ್ಕ್ ಪ್ಯಾಕೆಟ್ 512 ಬೈಟ್. 125 ಮೈಕ್ರೊಸೆಕೆಂಡಿನ ಒಂದು ಮೈಕ್ರೊಫ್ರೇಮಿನಲ್ಲಿ ಹೆಚ್ಚೆಂದರೆ 13 ಪ್ಯಾಕೆಟ್ ಹಿಡಿಸುತ್ತವೆ. ಅಂದರೆ ಸೆಕೆಂಡಿಗೆ ಸುಮಾರು 53 ಎಂಬಿ ಮೇಲ್ಮಿತಿ. ಈ ದರದಲ್ಲಿ 16 ಕೆಬಿಯ ಬಫರ್ ತುಂಬಲು ಒಂದು ಮಿಲಿಸೆಕೆಂಡಿನ ಮೂರನೆಯ ಒಂದು ಭಾಗವೂ ಬೇಡ. ನಿಮ್ಮ ಡ್ರೈವರ್ ಒಂದೇ ಯುಆರ್‌ಬಿ ಇಟ್ಟುಕೊಂಡಿದೆ: ಅದು ಮುಗಿಯಬೇಕು, ಡೇಟಾ ನಕಲಾಗಬೇಕು, ಮತ್ತೆ ಸಬ್ಮಿಟ್ ಆಗಬೇಕು. ಆ ನಡುವೆ ಕಂಟ್ರೋಲರಿಗೆ ಕೆಲಸವಿಲ್ಲ. ವೇಗ ಸಾಲದೆಂದು ನೀವು ಮ್ಯಾಪಿಂಗನ್ನು ದೂರುತ್ತಿದ್ದೀರಿ. ನನಗೆ ಕಾಣುವ ದೋಷ ಈ ಬಿಡುವಿನಲ್ಲಿದೆ. ನಾಲ್ಕೈದು ಯುಆರ್‌ಬಿಗಳನ್ನು, ತಲಾ ಒಂದು ಸ್ವಂತ ಬಫರಿನೊಂದಿಗೆ, ಒಟ್ಟಿಗೆ ಸಬ್ಮಿಟ್ ಮಾಡಿಡಿ. ಒಂದು ಮುಗಿದು ನಿಮ್ಮ ಕೈಗೆ ಬಂದಾಗ ಉಳಿದವು ಕಂಟ್ರೋಲರಿನ ಕೈಯಲ್ಲಿ ನಡೆಯುತ್ತಿರುತ್ತವೆ. ಯುವಿಸಿ ಡ್ರೈವರ್ 5 ಯುಆರ್‌ಬಿಗಳನ್ನು ಹೀಗೆ ಸರದಿಯಲ್ಲಿ ಇಟ್ಟುಕೊಳ್ಳುತ್ತದೆ.

ಒಂದೇ ದೊಡ್ಡ ಬಫರ್ ಪಡೆದರಾಗದೇ ಎಂದರೆ, ಆಗುವುದುಂಟು, ಆದರೆ ನೆಚ್ಚಬೇಡಿ. ಬಹಳ ಹೊತ್ತು ಓಡಿದ ಯಂತ್ರದಲ್ಲಿ ಮೆಮೊರಿ ಚೂರುಚೂರಾಗಿರುತ್ತದೆ. ರ‍್ಯಾಮಿನಲ್ಲಿ ಒಂದೇ ಸಾಲಾದ ದೊಡ್ಡ ತುಂಡು ಕೇಳಿದಾಗ ಸಿಗದೆಯೂ ಹೋಗಬಹುದು. ಪೆನ್‌ಡ್ರೈವುಗಳ ಯುಎಸ್‌ಬಿ ಸ್ಟೋರೇಜ್ ಡ್ರೈವರ್ ಹೈಸ್ಪೀಡಿನಲ್ಲಿ ಒಂದು ಆಜ್ಞೆಗೆ ಸಾಮಾನ್ಯವಾಗಿ 240 ಸೆಕ್ಟರ್, ಅಂದರೆ 120 ಕೆಬಿಯವರೆಗೆ ಸಾಗಿಸುತ್ತದೆ. ಆ ಡೇಟಾ ಬೇರೆ ಬೇರೆ ಪುಟಗಳಲ್ಲಿ ಚದುರಿರುತ್ತದೆ. ಪುಟಗಳ ಪಟ್ಟಿಯನ್ನೇ ಕೊಟ್ಟು ಸಾಗಿಸುವ ಈ ಸ್ಕ್ಯಾಟರ್-ಗ್ಯಾದರ್ ವಿಧಾನಕ್ಕೆ ‘ಯುಎಸ್‌ಬಿ ಎಸ್‌ಜಿ ಇನಿಟ್’, ‘ಯುಎಸ್‌ಬಿ ಎಸ್‌ಜಿ ವೇಟ್’ ಎಂಬ ಫಂಕ್ಷನ್ನುಗಳಿವೆ. ಇಎಚ್‌ಸಿಐನಲ್ಲಿ ಒಂದು ವರ್ಗಾವಣೆ ವಿವರಣೆಗೆ ತಲಾ 4 ಕೆಬಿಯ 5 ಪುಟಗಳಷ್ಟೇ ಹಿಡಿಸುತ್ತವೆ. ಎಕ್ಸ್‌ಎಚ್‌ಸಿಐನಲ್ಲಿ ಒಂದು ವಿವರಣೆಯ ಬಫರ್ 64 ಕೆಬಿಯ ಗಡಿ ದಾಟುವಂತಿಲ್ಲ. ಈ ಕತ್ತರಿಸುವ ಕೆಲಸವೆಲ್ಲ ಕಂಟ್ರೋಲರ್ ಡ್ರೈವರಿನದು, ಅದು ನಿಮ್ಮವರೆಗೆ ಬರುವುದಿಲ್ಲ.

ಕರ್ನಲ್ ಡ್ರೈವರನ್ನೇ ಬಿಟ್ಟು ಲಿಬ್‌ಯುಎಸ್‌ಬಿ ಬಳಸಿ ಸಾಮಾನ್ಯ ಪ್ರೋಗ್ರಾಂ ಬರೆದರೆ ಹೇಗೆ ಎಂದೂ ಕೇಳಿದ್ದೀರಿ. ಲ್ಯಾಬಿನ ಕೆಲಸಕ್ಕೆ ಅದು ಗೌರವದ ದಾರಿಯೇ. ಮೊದಲು ಅಲ್ಲಿ ಪ್ರತಿ ವರ್ಗಾವಣೆಗೂ ಕರ್ನಲ್ಲಿನ ಬಫರಿಗೂ ಪ್ರೋಗ್ರಾಮಿನ ಬಫರಿಗೂ ನಡುವೆ ಒಂದು ನಕಲು ಇರುತ್ತಿತ್ತು. 2016ರ 4.6ರ ಕರ್ನಲ್ಲಿನಿಂದ, ಕರ್ನಲ್ ಪಡೆದ ಡಿಎಂಎ ಮೆಮೊರಿಯನ್ನೇ ಪ್ರೋಗ್ರಾಮಿನ ವಿಳಾಸಗಳಿಗೆ ‘ಎಂಮ್ಯಾಪ್’ ಮಾಡಿಕೊಳ್ಳಬಹುದು, ನಕಲು ತಪ್ಪುತ್ತದೆ. ಅದೇ ವರ್ಷದ ಲಿಬ್‌ಯುಎಸ್‌ಬಿ 1.0.21ರಲ್ಲಿ ಇದಕ್ಕೆ ‘ಡೆವ್ ಮೆಮ್ ಅಲಾಕ್’ ಎಂಬ ಫಂಕ್ಷನ್ ಬಂತು. ಇಲ್ಲಿ ಎಲ್ಲ ಪ್ರೋಗ್ರಾಮುಗಳಿಗೂ ಸೇರಿ ಮೊದಲಿಗೆ 16 ಎಂಬಿ ಮಿತಿ ಇರುತ್ತದೆ; ಬೇಕಾದರೆ ಹೆಚ್ಚಿಸಿಕೊಳ್ಳಬಹುದು.

ಮುಗಿತಾಯದ ಶಿಸ್ತಿನ ಬಗ್ಗೆಯೂ ಹೇಳಲೇಬೇಕು. ಯಾರೋ ಕೇಬಲ್ ಕಿತ್ತರು ಎಂದುಕೊಳ್ಳಿ. ನಿಮ್ಮ ಡಿಸ್ಕನೆಕ್ಟ್ ಫಂಕ್ಷನ್ ಬಫರನ್ನು ನೇರವಾಗಿ ಬಿಟ್ಟುಕೊಡುತ್ತಿದೆ. ಆ ಗಳಿಗೆಯಲ್ಲಿ ಯುಆರ್‌ಬಿ ಇನ್ನೂ ಕಂಟ್ರೋಲರಿನ ಕೈಯಲ್ಲಿದ್ದರೆ, ಬೇರೆಯವರ ಪಾಲಾದ ಮೆಮೊರಿಗೆ ಅದು ಬರೆಯಬಹುದು. ಮೊದಲು ‘ಯುಎಸ್‌ಬಿ ಕಿಲ್ ಯುಆರ್‌ಬಿ’ ಕರೆಯಿರಿ. ಯುಆರ್‌ಬಿ ಪೂರ್ತಿ ಮರಳಿ ಬರುವವರೆಗೆ ಅದು ಕಾಯುತ್ತದೆ. ಆಮೇಲೆ ಬಫರ್ ಬಿಡಿ. ಹಲವು ಯುಆರ್‌ಬಿಗಳಿದ್ದರೆ ಎಲ್ಲವನ್ನೂ ಒಂದು ಆಂಕರಿಗೆ ಸೇರಿಸಿಟ್ಟರೆ ಒಂದೇ ಕರೆಯಲ್ಲಿ ನಿಲ್ಲಿಸಬಹುದು. ಹಾಗೆಯೇ ಕಂಪ್ಲೀಶನ್ನಿನಲ್ಲಿ ‘ಆಕ್ಚುಯಲ್ ಲೆಂಗ್ತ್’ ನೋಡದೆ ಬಫರ್ ಓದಬೇಡಿ. ಸಾಧನ 40 ಬೈಟ್ ಕೊಟ್ಟಿದ್ದರೆ ಮೊದಲ 40 ಮಾತ್ರ ನಿಜ, ಉಳಿದದ್ದು ಆ ಮೆಮೊರಿಯಲ್ಲಿ ಮುಂಚೆ ಇದ್ದ ಯಾರದೋ ಡೇಟಾ. ಅದನ್ನು ಪ್ರೋಗ್ರಾಮಿಗೆ ದಾಟಿಸಿದರೆ ಕರ್ನಲ್ಲಿನ ಗುಟ್ಟನ್ನು ಹೊರಗೆ ಕೊಟ್ಟಂತಾಗುತ್ತದೆ.

ತಿದ್ದಿದ ಮೇಲೆ ಪರೀಕ್ಷೆ ಹೀಗೆ ಮಾಡಿ. ಡಿಎಂಎ ಬಳಕೆಯ ತಪ್ಪುಗಳನ್ನು ಹಿಡಿಯುವ ‘ಡಿಎಂಎ ಎಪಿಐ ಡೀಬಗ್’ ಸೌಲಭ್ಯ 2009ರಿಂದಲೂ ಕರ್ನಲ್ಲಿನಲ್ಲಿದೆ. ಅದನ್ನು ಸೇರಿಸಿ ಕರ್ನಲ್ ಕಟ್ಟಿಕೊಳ್ಳಿ. ಬಿಡಿಸದೆ ಉಳಿದ ಮ್ಯಾಪಿಂಗ್, ಒಂದೇ ಕ್ಯಾಶ್ ಸಾಲಿನ ಮೇಲೆ ಬಿದ್ದ ಎರಡು ಮ್ಯಾಪಿಂಗ್, ಇಂಥವನ್ನು ಅದು ಹೇಳುತ್ತದೆ. ಬಿಟ್ಟ ಮೆಮೊರಿಯನ್ನು ಪ್ರೊಸೆಸರ್ ಮತ್ತೆ ಮುಟ್ಟಿದರೆ ಕರ್ನಲ್ಲಿನ ಇನ್ನೊಂದು ಸೌಲಭ್ಯವಾದ ಕೆಎಎಸ್‌ಎಎನ್ ಹಿಡಿಯುತ್ತದೆ. ಐಒಎಂಎಂಯು ಬಳಸದ ಪಿಸಿಯಲ್ಲಿ ‘ಎಸ್‌ಡಬ್ಲ್ಯುಐಒಟಿಎಲ್‌ಬಿ=ಫೋರ್ಸ್’ ಎಂದು ಬೂಟ್ ಸಾಲಿನಲ್ಲಿ ಕೊಟ್ಟರೆ ಎಲ್ಲ ಡಿಎಂಎಯೂ ಮಧ್ಯದ ಬಫರಿನ ಮೂಲಕವೇ ನಡೆಯುತ್ತದೆ. ಸಬ್ಮಿಟ್ ಆದ ಮೇಲೆ ಬಫರ್ ತಿದ್ದುವ ಅಭ್ಯಾಸ ನಿಮ್ಮ ಕೋಡಿನಲ್ಲಿದ್ದರೆ ಆಗ ಲ್ಯಾಪ್‌ಟಾಪಿನಲ್ಲೇ ಸಿಕ್ಕಿಬೀಳುತ್ತದೆ, ಏಕೆಂದರೆ ನಿಮ್ಮ ತಿದ್ದುಪಡಿ ಕಂಟ್ರೋಲರ್ ನೋಡುವ ಪ್ರತಿಗೆ ಹೋಗುವುದೇ ಇಲ್ಲ. ಕ್ಯಾಶ್ ಸಾಲಿನ ನೆರೆಹೊರೆಯ ತಪ್ಪು ಮಾತ್ರ ಈ ಉಪಾಯಕ್ಕೆ ಸಿಗುವುದಿಲ್ಲ. ಅದಕ್ಕೆ ನಿಮ್ಮ ಆರ್ಮ್ ಬೋರ್ಡೇ ಬೇಕು, ಅದನ್ನು ಬೀರುವಿನಲ್ಲಿ ಇಟ್ಟುಬಿಡಬೇಡಿ.

ಕೊನೆಯದಾಗಿ, ಕೆಲಸದ ಕ್ರಮ. ಮೊದಲು ಬಫರನ್ನು ಸ್ಟ್ರಕ್ಚರಿನಿಂದ ಹೊರಗೆ ತೆಗೆಯಿರಿ. ಆಮೇಲೆ ಡಿಸ್ಕನೆಕ್ಟ್ ತಿದ್ದಿ. ಆಮೇಲೆ ಯುಆರ್‌ಬಿಗಳ ಸಂಖ್ಯೆ ಹೆಚ್ಚಿಸಿ ವೇಗ ಅಳೆಯಿರಿ. ಅಳೆದ ಮೇಲೂ ಮ್ಯಾಪಿಂಗಿನ ಖರ್ಚೇ ದೊಡ್ಡದೆಂದು ಅಂಕಿಗಳು ಹೇಳಿದರೆ ಮಾತ್ರ ಕೊಹೆರೆಂಟ್ ಮೆಮೊರಿಯ ಮಾತೆತ್ತೋಣ. ಪ್ರತಿ ಬದಲಾವಣೆಯೂ ಪ್ರತ್ಯೇಕ ಪ್ಯಾಚ್ ಆಗಿರಲಿ, ಏಕೆ ಮಾಡಿದಿರೆಂದು ನಾಲ್ಕು ಸಾಲು ಬರೆದಿರಲಿ. ಕೋಡಿನಲ್ಲಿ ಪ್ರತಿ ಬಫರಿನ ಪಕ್ಕ ಒಂದು ಟಿಪ್ಪಣಿ ಇಡಿ: ಇದನ್ನು ಯಾರು ಪಡೆಯುತ್ತಾರೆ, ಯಾವ ಅವಧಿಯಲ್ಲಿ ಮುಟ್ಟಬಾರದು, ಯಾರು ಬಿಡುತ್ತಾರೆ. ನಿಮ್ಮ ನಂತರ ಲ್ಯಾಬಿಗೆ ಬರುವ ವಿದ್ಯಾರ್ಥಿ ಯಾವ ಬೋರ್ಡಿನ ಮೇಲೆ ಈ ಡ್ರೈವರ್ ಓಡಿಸುತ್ತಾನೋ, ಓಡಿಸುತ್ತಾಳೋ ಇಂದು ಯಾರೂ ಹೇಳಲಾರರು. ಆ ಮೂರು ಉತ್ತರ ಬರೆದಿಟ್ಟಿದ್ದರೆ ಯಾವ ಬೋರ್ಡಾದರೂ ಅವರಿಗೆ ನಿಭಾಯಿಸಲು ಬರುತ್ತದೆ.

ತಿದ್ದಿದ ಕೋಡನ್ನೂ ಅಳೆದ ಅಂಕಿಗಳನ್ನೂ ಕಳಿಸಿ. ಕಾದಿರುತ್ತೇನೆ.

ಪ್ರೀತಿಯಿಂದ,
ನಿಮ್ಮ ಮಿತ್ರ